ನಾನು ಕಲಿಸಿದ ಸ್ವೀಡಿಷ್

ಅರವತ್ತರ ದಶಕದ ನಡುವಿನ ಮಾತು. ಜೋಗದ ಹತ್ತಿರ ನಡೆಯುತ್ತಿದ್ದ ವಿದ್ಯುತ್ ಕಾಮಗಾರಿಯೊಂದರಲ್ಲಿ ನಾನು ಸ್ಟೋರ್ಸ್ ಗುಮಾಸ್ತ. ವಯಸ್ಸು ಇಪ್ಪತ್ಮೂರು, ಊರು ತೀರ್ಥಹಳ್ಳಿ. ಸ್ವೀಡನ್ನಿನಿಂದ ಬಂದ ಯಂತ್ರದ ಪೆಟ್ಟಿಗೆ ಬಿಚ್ಚಿ, ಪಟ್ಟಿ ನೋಡಿ ಭಾಗಗಳನ್ನು ಹೊಂದಿಸಿಡುವುದು ನನ್ನ ಕೆಲಸ. ಪಟ್ಟಿಯೆಲ್ಲ ಸ್ವೀಡಿಷ್ ಭಾಷೆಯಲ್ಲಿ. ಯಂತ್ರ ಜೋಡಿಸಲು ಬಂದಿದ್ದ ಆ ದೇಶದ ಎಂಜಿನಿಯರ್ ಸಾಹೇಬರು ನನಗೊಂದು ಪುಸ್ತಕ ಕೊಟ್ಟರು. ನಾಲ್ಕು ಪಾಠ ಓದುವಷ್ಟರಲ್ಲಿ ನಾನು ಪಂಡಿತನಾಗಿಬಿಟ್ಟೆ. ಐದನೆಯದನ್ನು ಓದುವ ಅಗತ್ಯವೇ ಕಾಣಲಿಲ್ಲ.

ಇಂಗ್ಲಿಷಿನವರು ಪದಕ್ಕೆ ಮೊದಲು ‘ದಿ’ ಹಚ್ಚಿದರೆ, ಸ್ವೀಡನ್ನಿನವರು ಅದನ್ನು ನಮ್ಮ ಪ್ರತ್ಯಯದ ಹಾಗೆ ಪದದ ಕೊನೆಗೇ ಅಂಟಿಸುತ್ತಾರೆ. ಬುಲ್ಟ್ ಎಂದರೆ ಬೋಲ್ಟು. ಬುಲ್ಟೆನ್ ಎಂದರೆ ಆ ಗೊತ್ತಾದ ಬೋಲ್ಟು. ಬುಲ್ಟಾರ್ ಎಂದರೆ ಬೋಲ್ಟುಗಳು, ಬುಲ್ಟಾರ್ನಾ ಎಂದರೆ ಆ ಬೋಲ್ಟುಗಳು. ನನಗಂತೂ ಬಹಳ ಹಿಡಿಸಿತು. ಎಲ್ಲ ಪದಗಳೂ ಹೀಗೇ ನಡೆಯುತ್ತವೆಂದು ಯಾರನ್ನೂ ಕೇಳದೆ ತೀರ್ಮಾನಿಸಿದೆ.

ಆಗಲೇ ನನ್ನ ಬಳಿಗೆ ತಿಮ್ಮಪ್ಪ ಬಂದರು. ಆನಂದಪುರದ ಕಡೆಯವರು, ಗೇಣಿ ಮಾಡಿಕೊಂಡಿದ್ದ ಮನೆತನ, ನನಗಿಂತ ಹದಿನೈದು ವರ್ಷ ದೊಡ್ಡವರು. ಸಾಹೇಬರ ಕೈಕೆಳಗೆ ದಿನಗೂಲಿ ಫಿಟ್ಟರ್ ಆಗಿದ್ದರು. ಆರು ತಿಂಗಳ ತರಬೇತಿಗೆ ಒಬ್ಬ ಕೆಲಸಗಾರನನ್ನು ಸ್ವೀಡನ್ನಿಗೆ ಕಳಿಸುವುದಿತ್ತು. ಹೋಗಿ ಬಂದವನಿಗೆ ಕಾಯಂ ಕೆಲಸ. ಉಳಿದ ದಿನಗೂಲಿಯವರು ಕಾಮಗಾರಿ ಮುಗಿದ ದಿನ ಮನೆಗೆ. ಸಾಹೇಬರ ಮನಸ್ಸು ತಿಮ್ಮಪ್ಪನ ಕಡೆಗೇ ಇತ್ತು. ಆದರೆ ಯಂತ್ರಭಾಗಗಳ ಹೆಸರು ಸ್ವೀಡಿಷಿನಲ್ಲಿ ತಪ್ಪಿಲ್ಲದೆ ಹೇಳುವ ಪರೀಕ್ಷೆ ಮಾತ್ರ ಎಲ್ಲರಿಗೂ ಒಂದೇ.

ಮೊದಲ ದಿನ ಅವರು ಎಲೆ ಅಡಿಕೆ, ತೆಂಗಿನಕಾಯಿ ಹಿಡಿದು ಬಂದರು. “ಪಾಠಕ್ಕೆ ಮುಂಚೆ ಇದನ್ನ ತಗಳ್ಳಿ ಮೇಷ್ಟ್ರೇ” ಎಂದರು. ನನ್ನನ್ನು ಮೇಷ್ಟ್ರೇ ಎಂದು ಕರೆದ ಮೊದಲ ಮನುಷ್ಯ ಅವರು. ನಾನು ಉಬ್ಬಿಹೋದೆ. ಎರಡು ತಿಂಗಳು ದಿನಾ ಸಂಜೆ ಪಾಠ ನಡೆಯಿತು. ಕುರ್ಚಿ ತೋರಿಸಿದರೂ ಕೂರುತ್ತಿರಲಿಲ್ಲ, ಪೆಟ್ಟಿಗೆಯ ಹಲಗೆಯ ಮೇಲೆ ಕೂತು ನಾನು ಹೇಳಿದ್ದನ್ನು ಹಾಗೇ ಒಪ್ಪಿಸುತ್ತಿದ್ದರು. ಒಂದು ಪ್ರಶ್ನೆ ಕೇಳಿದವರಲ್ಲ. ನಾನು ಅದನ್ನು ನನ್ನ ಪಾಠದ ಹೆಚ್ಚುಗಾರಿಕೆ ಎಂದುಕೊಂಡಿದ್ದೆ.

ಪರೀಕ್ಷೆಯ ದಿನ ಸಾಹೇಬರ ಪಕ್ಕದಲ್ಲಿ ದುಭಾಷಿಯಾಗಿ ನಾನೇ ಕೂತೆ. ಬೋಲ್ಟಿನದು ಸರಾಗವಾಗಿ ಆಯಿತು. ಆಮೇಲೆ ಸಾಹೇಬರು ಎರಡು ವಾಲ್ವಿನ ಚಕ್ರಗಳನ್ನು ಮುಂದಿಟ್ಟರು. ಚಕ್ರಕ್ಕೆ ಯೂಲ್ ಎನ್ನುತ್ತಾರೆ. ತಿಮ್ಮಪ್ಪ ಒಮ್ಮೆ ನನ್ನ ಮುಖ ನೋಡಿ, ನಾನು ಕಲಿಸಿದಂತೆ “ಯೂಲಾರ್” ಎಂದರು. ಸಾಹೇಬರು ಪೆನ್ನು ಕೆಳಗಿಟ್ಟರು. ಅದು ತಪ್ಪು, ನಿನ್ನೆ ಕೆಲಸದ ಜಾಗದಲ್ಲಿ ಇವನೇ ಸರಿಯಾಗಿ ಹೇಳಿದ್ದ, ಇವತ್ತೇನಾಯಿತು ಕೇಳು ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಕೇಳಿದೆ.

ತಿಮ್ಮಪ್ಪ ನೆಲ ನೋಡುತ್ತ, “ಮೇಷ್ಟ್ರು ಹೇಳ್ಕೊಟ್ಟಿದ್ದು ಹಿಂಗೆ. ಅವರ ಎದುರಿಗೆ ಕೂತ್ಕಂಡು ಬೇರೆ ಹೇಳೋದು ಹ್ಯಾಂಗೆ?” ಎಂದರು.

ಆ ಕೋಣೆಯಲ್ಲಿ ಕನ್ನಡವೂ ಇಂಗ್ಲಿಷೂ ಬರುತ್ತಿದ್ದವನು ನಾನೊಬ್ಬನೇ. ‘ಮರೆತೆ ಅನ್ನುತ್ತಿದ್ದಾನೆ’ ಎಂದು ಅನುವಾದಿಸಿದರೆ ನನ್ನ ಪಾಂಡಿತ್ಯ ಉಳಿಯುತ್ತಿತ್ತು. ಸುಳ್ಳು ಹೇಳಬಾರದು, ಆ ಮಾತು ನಾಲಿಗೆಯ ತುದಿಗೇ ಬಂದಿತ್ತು. ಕೊನೆಗೆ ಅವರು ಹೇಳಿದ್ದನ್ನು ಹೇಳಿದಂತೆಯೇ ಹೇಳಿ, ತಪ್ಪು ನನ್ನದು ಎಂದೂ ಸೇರಿಸಿದೆ. ಸಾಹೇಬರು ನನ್ನನ್ನೇ ನೋಡಿದರು. “ಹಾಗಾದರೆ ನೀನು ಹೊರಗೆ ಹೋಗು” ಎಂದರು.

ಜಗುಲಿಯಲ್ಲಿ ನಿಂತೆ. ಕಿಟಕಿಯಿಂದ ತಿಮ್ಮಪ್ಪನ ದನಿ ಕೇಳುತ್ತಿತ್ತು. ಒಂದು ಯೂಲ್, ಎರಡು ಯೂಲ್, ಆ ಚಕ್ರ ಯೂಲೆತ್, ಆ ಚಕ್ರಗಳು ಯೂಲೆನ್. ಎಲ್ಲೂ ತಡವರಿಕೆಯಿಲ್ಲ. ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವೂ ಆಯಿತು.

ಹೊರಗೆ ಬಂದವರನ್ನು ಕೇಳಿದೆ: “ಗೊತ್ತಿದ್ದೂ ನಂಗ್ಯಾಕೆ ಹೇಳ್ಲಿಲ್ಲ ತಿಮ್ಮಪ್ಪಣ್ಣ?”

“ಸಾಹೇಬ್ರು ದಿನಾ ಹಂಗೇ ಅಂತಿದ್ರು. ನಾವೂ ನಾಕು ಗಾಲಿ ಅಂತೀವಲ್ಲ, ಹಂಗೇಯ. ಆದ್ರೆ ಎಲೆ ಅಡಿಕೆ ಕೊಟ್ಟು ಕಲ್ತಿದ್ದು, ತಪ್ಪು ಅಂತ ಹ್ಯಾಂಗೆ ಹೇಳ್ಲಿ?”

ಕಾಯಂ ಕೆಲಸದ ಆಸೆಯನ್ನೇ ನನ್ನ ಮರ್ಯಾದೆಗಾಗಿ ಬಿಟ್ಟುಕೊಡಲು ಕೂತಿದ್ದ ಮನುಷ್ಯ! ಮುಂದೆ ನಾನು ಹೊಸನಗರದಲ್ಲಿ ಇಪ್ಪತ್ತೆಂಟು ವರ್ಷ ನಿಜವಾದ ಮೇಷ್ಟ್ರೇ ಆದೆ. ಮಕ್ಕಳು ಸುಮ್ಮನೆ ಕೂತು ತಲೆಯಾಡಿಸಿದಾಗಲೆಲ್ಲ ನನಗೆ ಭಯವಾಗುತ್ತಿತ್ತು. ಕಲಿಸುವವನ ಮುಖ ನೋಡಿ ಕಲಿಯುವವನು ತಪ್ಪು ಹೇಳುವಂತಾಗಬಾರದು. ಜೋಗದ ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ.

ತಿಮ್ಮಪ್ಪ ಸ್ವೀಡನ್ನಿಗೆ ಹೊರಟ ದಿನ ಸಾಗರದ ರೈಲ್ವೆ ಸ್ಟೇಷನ್ನಿಗೆ ಹೋಗಿದ್ದೆ. ಹೊಸ ಕೋಟು ತೊಟ್ಟು ಕಿಟಕಿಯ ಪಕ್ಕ ಮುದುರಿ ಕೂತಿದ್ದರು. ಏನೋ ಹೇಳಲು ಬಂದು ಎರಡು ಸಲ ನುಂಗಿಕೊಂಡರು.

“ಏನು ತಿಮ್ಮಪ್ಪಣ್ಣ?”

“ನಟ್ಟಿಂದೂ ನೀವು ಹೇಳ್ಕೊಟ್ಟಿದ್ದು ಸರಿ ಇಲ್ಲ ಮೇಷ್ಟ್ರೇ. ಮುತ್ತೆರ್ ಜಾಸ್ತಿ ಇದ್ರೆ ಮುತ್ತೆರಾರ್ ಅಲ್ಲ. ಹೇಳ್ಲಾ?”

“ಹೇಳಿ” ಎಂದೆ.

“ಮುತ್ರಾರ್.”

“ಮುತ್ರಾರ್” ಎಂದೆ. “ಮುತ್ರಾರ್ನಾ” ಎಂದರು ಅವರು. ಗಾಡಿ ಕದಲಿತು. ನಾನು ಪಕ್ಕದಲ್ಲೇ ನಡೆಯುತ್ತ ಅದನ್ನೂ ಒಪ್ಪಿಸಿದೆ.