ಹುಲಿಗೆಮ್ಮ ಒಲೆ ತಿರುಗಿಸಿದ್ದು

ಹುಲಿಗೆಮ್ಮ ಮಾತಾಡುವವರ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದಳು. ಮೊದಲ ದಿನ ನನಗೆ ಸಿಟ್ಟೇ ಬಂತು, ನನ್ನ ಹಲ್ಲು ಎಣಿಸುತ್ತಾಳೇನೋ ಎಂದು.

ರಾಯಚೂರಿನ ಒಂದು ಖಾನಾವಳಿಯಲ್ಲಿ ನಾನು ರೊಟ್ಟಿ ಬಡಿಯುತ್ತೇನೆ, ಮೊಮ್ಮಕ್ಕಳಾದರೂ ಬಿಟ್ಟಿಲ್ಲ. ಅವಳು ದೇವದುರ್ಗದ ಕಡೆಯವಳು, ನನ್ನ ಮಗಳ ವಯಸ್ಸು. ಕೆಲಸಕ್ಕೆ ಬಂದ ದಿನ ಹಿಟ್ಟಿಗೆ ಕೈ ಹಾಕುವ ಮೊದಲೇ ಹೇಳಿಬಿಟ್ಟಳು: “ಯವ್ವಾ, ನನಗ ಎಡಗಿವಿ ಕೇಳಂಗಿಲ್ಲ, ಬಲಗಿವಿ ಅರ್ಧ ಕೇಳ್ತದ. ಎದುರಿಗಿ ನಿಂತು ಹೇಳ್ರಿ. ಒದರಬ್ಯಾಡ್ರಿ, ಒದರಿದ್ರ ಬಾಯಿ ಸೊಟ್ಟ ಆಗಿ ತಿಳಿಯಂಗಿಲ್ಲ.”

ಕಿವಿಗೆ ಹಾಕುವ ಮಿಷನ್ ಇತ್ತು. ಅದನ್ನು ಹಾಕಿಕೊಂಡರೆ ರೊಟ್ಟಿಯನ್ನು ತಲೆಯೊಳಗೇ ಬಡಿದಂತಾಗುತ್ತದೆ ಎಂದು ಕೆಲಸದ ಹೊತ್ತಿನಲ್ಲಿ ತೆಗೆದಿಡುತ್ತಿದ್ದಳು.

ಅವಳ ರೊಟ್ಟಿ ತೆಳ್ಳಗೆ, ಅಂಚು ಒಡೆಯುತ್ತಿರಲಿಲ್ಲ. ನನ್ನದಕ್ಕಿಂತ ಚೆಂದ ಎನ್ನಲಾರೆ. ತೊಂದರೆ ಬೇರೆಯೇ ಇತ್ತು. ನಾವು ಪೂರ್ವಕ್ಕೆ ಮುಖ ಮಾಡಿ ಕೂರುತ್ತಿದ್ದೆವು, ಬಾಗಿಲು ಬೆನ್ನ ಹಿಂದೆ. ಬಡಿಸುವ ಬಸಣ್ಣ ಅಲ್ಲಿಂದಲೇ “ಬಿಸಿ ರೊಟ್ಟಿ ನಾಕು” ಎಂದು ಒದರುತ್ತಿದ್ದ. ನಾನು ನೀರಿಗೆ ಎದ್ದು ಹೋದರೆ ಮುಗಿಯಿತು, ಊಟಕ್ಕೆ ಕೂತವರು ಖಾಲಿ ತಾಟು ನೋಡುತ್ತಿದ್ದರು.

ಒಂದು ಸಂಜೆ ಖಾನಾವಳಿಯ ಸಾವ್ಕಾರ ನನ್ನನ್ನು ಮೂಲೆಗೆ ಕರೆದು, “ನಾಳಿಂದ ಆಕಿಗಿ ಬರಬ್ಯಾಡ ಅನ್ನು” ಎಂದು ಪಿಸುಗುಟ್ಟಿದ. ದೂರದಿಂದಲೇ ಹುಲಿಗೆಮ್ಮ ಅವನ ಬಾಯಿ ಓದಿಬಿಟ್ಟಿದ್ದಳು.

“ಯಾಕ್ರೀ ಬರಬ್ಯಾಡ? ಒಲಿ ಬಾಗಿಲ ಕಡಿ ತಿರುಗಿಸ್ರಿ. ಬಸಣ್ಣ ಬೆರಳು ತೋರಿಸಿದ್ರ ಸಾಕು.”

“ಒಲಿ ಮುಂದ ಮೂಡ್ಲಕ್ಕ ಮುಖ ಮಾಡೇ ಕುಂದ್ರಬೇಕು. ನಮ್ಮಪ್ಪನ ಕಾಲದಿಂದ ಹಂಗ ನಡದದ.”

“ಉಣ್ಣೋರು ನಾಕೂ ದಿಕ್ಕಿಗೆ ಕುಂತು ಉಣ್ತಾರಲ್ರೀ. ಅವರಿಗೂ ಎದ್ದು ಹೋಗ್ರಿ ಅಂತೀರೇನು?”

ಸಾವ್ಕಾರ ನನ್ನ ಮುಖ ನೋಡಿದ. ನಾನು ಹೋಗಿ ಒಲೆಯ ಒಂದು ತುದಿ ಹಿಡಿದೆ, ಅವಳು ಇನ್ನೊಂದು ಹಿಡಿದಳು. ಗ್ಯಾಸಿನ ಒಲೆ, ಏನು ಮಹಾ ಭಾರ.

ಮರುದಿನ ಬಸಣ್ಣ ಮರೆತು ಒದರಿದ. “ಯಣ್ಣಾ, ಗಂಟಲು ಯಾಕ ಹರಕೊಳ್ತಿ? ಕೈ ಎತ್ತು” ಎಂದಳು. ಬೆರಳೆತ್ತಿದರೆ ಅಷ್ಟು ರೊಟ್ಟಿ, ಮುಷ್ಟಿ ಹಿಡಿದರೆ ‘ಇನ್ನು ಸಾಕು’ ಎಂದು ರೂಢಿಯಾಯಿತು. ಸಾವ್ಕಾರ ತಲೆ ಕೆರೆದುಕೊಳ್ಳಲು ಕೈ ಎತ್ತಿದರೂ ಐದು ರೊಟ್ಟಿ ಬರುತ್ತಿದ್ದವು.

ಹೋದ ವರ್ಷ ಅವಳಿಗೆ ಮಾನ್ವಿಯ ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಸಿಕ್ಕಿತು. ಬಸ್ ಹತ್ತುವಾಗ, “ಅಲ್ಲಿ ನಿನ್ನ ಕಿವಿ ಸುದ್ದಿ ಯಾರು ಹೇಳ್ತಾರ?” ಎಂದೆ.

“ನಾನ ಹೇಳ್ತೀನಿ. ಕೆಲಸ ನನ್ನದಲ್ಲೇನು?”

ಮತ್ತೆ ಅವಳನ್ನು ನೋಡಿಲ್ಲ. ಅವಳ ಜಾಗಕ್ಕೆ ಬಂದವಳಿಗೆ ಎರಡೂ ಕಿವಿ ಚೆನ್ನಾಗಿವೆ. ಎಷ್ಟು ಸಲ ಕರೆದರೂ ತಿರುಗಿ ನೋಡುವುದಿಲ್ಲ.