ಗಡಿಯಾಚೆಯ ಕಾಲು ಗಂಟೆ

ವಿದೇಶಕ್ಕೆ ಹೋಗಿಬಂದ ಪ್ರಾಧ್ಯಾಪಕರನ್ನು ಗುರುತಿಸಲು ಅವರ ಸೂಟ್‌ಕೇಸಿನ ಹಿಡಿಗೆ ಅಂಟಿದ ವಿಮಾನದ ಚೀಟಿಯೊಂದೇ ಸಾಕು. ಬಂದು ವರ್ಷಗಳು ಕಳೆದರೂ ಅದನ್ನು ಯಾರೂ ಕಿತ್ತೆಸೆಯುವುದಿಲ್ಲ. ವಾರಾಣಸಿಯಲ್ಲಿ ಸಸ್ಯಶಾಸ್ತ್ರ ಬೋಧಿಸುತ್ತಲೇ ತಲೆ ನರೆಸಿಕೊಂಡ ನನ್ನ ಸೂಟ್‌ಕೇಸು ಮಾತ್ರ ನಿಷ್ಕಳಂಕವಾಗಿತ್ತು. ಹೀಗಿರುವಾಗ, ಊರಿನ ಕನ್ನಡ ಮಠದವರು ಕರ್ನಾಟಕದ ಯಾತ್ರಿಕರನ್ನು ಬಸ್ಸಿನಲ್ಲಿ ಕಾಠ್ಮಂಡುವಿಗೆ ಕರೆದೊಯ್ಯುತ್ತಾರೆಂದೂ, ಹಿಂದಿ ಬಲ್ಲವರೊಬ್ಬರು ಜೊತೆಗಿದ್ದರೆ ಅನುಕೂಲವೆಂದೂ ತಿಳಿದಾಗ, ನೆಲದ ಮೇಲೆ ಹೋದ ಮಾತ್ರಕ್ಕೆ ವಿದೇಶವು ಸ್ವದೇಶವಾಗಿಬಿಡುವುದಿಲ್ಲ ಎಂದು ಮನೆಯಲ್ಲಿ ಘೋಷಿಸಿ ಹೊರಟೆ. ಕಾಶಿಯಲ್ಲೇ ಬೆಳೆದ ಮಗಳು, "ಅಪ್ಪಾ, ನೇಪಾಲ್ ಭೀ ಕೋಈ ಫಾರಿನ್ ಹೈ?" ಎಂದು, ನೇಪಾಳವೂ ಒಂದು ವಿದೇಶವೇ ಎಂಬಂತೆ ಕೇಳಿ, ಉತ್ತರಕ್ಕೆ ಕಾಯದೆ ಟೀವಿಯತ್ತ ತಿರುಗಿದಳು.

ಆ ಬಸ್ಸಿನ ಆಸನಗಳನ್ನು ಯಾರೋ ಹಠಯೋಗಿ ರೂಪಿಸಿರಬೇಕು. ಮಂಡಿ ಗದ್ದಕ್ಕೆ ತಾಗುವ ಆ ಭಂಗಿಯಲ್ಲಿ ಸಮಾಧಿಸ್ಥಿತಿ ಸುಲಭಸಾಧ್ಯವಿತ್ತು. ಪಕ್ಕದಲ್ಲಿ ಚನ್ನಬಸಪ್ಪನವರು ಇರದಿದ್ದರೆ ಸಾಧಿಸಿಯೂ ಬಿಡುತ್ತಿದ್ದೆ. ಗದಗಿನ ಕಡೆಯ ಈ ನಿವೃತ್ತ ಪೋಸ್ಟ್‌ಮಾಸ್ಟರರು ರಸ್ತೆ, ಧೂಳು, ಚಹಾ, ಚಾಲಕ, ಕೊನೆಗೆ ಗೋರಖಪುರದ ಸೂರ್ಯೋದಯವನ್ನೂ ಆಕ್ಷೇಪಿಸಿದರು. ಅವರ ಪತ್ನಿ ಹಿಂದೆ ಹೆಂಗಸರ ನಡುವೆ ಕುಳಿತಿದ್ದರು. ಇವರು ತಿರುಗಿಯೂ ನೋಡದೆ, "ಕೇಳಿಸ್ತೇನ? ನೀರು!" ಎನ್ನುವರು, ಬಾಟಲಿಯೊಂದು ಕೈಯಿಂದ ಕೈಗೆ ಸಾಗಿಬರುವುದು. "ಕೇಳಿಸ್ತೇನ? ರೊಟ್ಟಿ!" ಎಂದರೆ ಶೇಂಗಾ ಚಟ್ನಿಯೊಡನೆ ರೊಟ್ಟಿ ಬರುವುದು, ಅದರಲ್ಲಿ ನನಗೂ ಒಂದು ಪಾಲಿರುವುದು. ಆ ರುಚಿಗೆ ಮಂಡಿನೋವನ್ನು ಕ್ಷಮಿಸಿದ್ದೆ. ಆಕೆಯ ಹೆಸರೇ 'ಕೇಳಿಸ್ತೇನ' ಇರಬೇಕೆಂದು ಬಹಳ ಹೊತ್ತು ನಂಬಿಯೂ ಇದ್ದೆ.

ಸೋನೌಲಿಯಲ್ಲಿ ವಿದೇಶವು ಒಂದು ಕಮಾನಿನ ರೂಪದಲ್ಲಿ ಎದುರಾಯಿತು. ಬಸ್ಸು ಸುಂಕದ ಸರದಿಯಲ್ಲಿ ನಿಂತಾಗ ನಾವು ನಡೆದೇ ದಾಟಿದೆವು. ಅತ್ತ ಇದ್ದ ಧೂಳೇ ಇತ್ತಲೂ ಇತ್ತು. ಬದಲಾದದ್ದು ಗಡಿಯಾರ ಮಾತ್ರ. ನೇಪಾಳದ ಕಾಲ ನಮ್ಮದಕ್ಕಿಂತ ಕಾಲು ಗಂಟೆ ಮುಂದು. "ಹನ್ನೊಂದಕ್ಕೆ ಸರಿಯಾಗಿ ಬಸ್ಸು" ಎಂದು ಸಾರಿದ ಮಠದ ವ್ಯವಸ್ಥಾಪಕರು ಶಿಸ್ತಿನ ಮನುಷ್ಯ. ಕಮಾನು ದಾಟಿದೊಡನೆ ತಮ್ಮ ಕೈಗಡಿಯಾರದ ಮುಳ್ಳನ್ನು ತಿರುಗಿಸಿಕೊಂಡಿದ್ದರು. ಆ ಸಂಗತಿಯನ್ನು ಅವರು ಯಾರಿಗೂ ಹೇಳಲಿಲ್ಲ. ಹತ್ತಿರವಿದ್ದವರನ್ನೆಲ್ಲ ಹತ್ತಿಸಿಕೊಂಡು ಬಸ್ಸು ಅವರ ಹನ್ನೊಂದಕ್ಕೇ ಹೊರಟಿತು.

ಆ ವರ್ಷಗಳಲ್ಲಿ ನೇಪಾಳದ ರಸ್ತೆಗಳಲ್ಲಿ ಬಂದೂಕು ಹಿಡಿದ ಮಾವೋವಾದಿಗಳ ಭಯವಿತ್ತು, ತಪಾಸಣೆ ಹೆಚ್ಚಿತ್ತು. ಬೆಟ್ಟ ಆರಂಭವಾಗುವಲ್ಲಿ ಬಸ್ಸನ್ನು ತಡೆದ ಸಿಪಾಯಿಗೆ ನಾವು ಹೇಳಿದ್ದಕ್ಕಿಂತ ಒಂದು ತಲೆ ಕಡಿಮೆ ಸಿಕ್ಕಿತು. ಹೆಂಗಸರು, ಚನ್ನಬಸಪ್ಪನವರ ಪತ್ನಿ ಗಂಡನ ಬಳಿ ಮುಂದೆ ಕುಳಿತಿದ್ದಾರೆಂದು ತಿಳಿದಿದ್ದರು. ಗಂಡ, ಹಿಂದಿದ್ದಾಳೆಂದು ನಂಬಿದ್ದರು. ಚನ್ನಬಸಪ್ಪನವರು ಎದ್ದುನಿಂತು, "ಕೇಳಿಸ್ತೇನ?" ಎಂದರು. ಬಾಟಲಿ ಬರಲಿಲ್ಲ.

ಮಧ್ಯಾಹ್ನದ ನಂತರ ರಸ್ತೆ ಬಂದ್ ಆಗಬಹುದೆಂಬ ಗುಲ್ಲಿತ್ತು. ನಮ್ಮ ಮೊಬೈಲುಗಳು ಗಡಿಯಲ್ಲೇ ಮೂಕವಾಗಿದ್ದವು. ಬಸ್ಸನ್ನು ಅಲ್ಲೇ ನಿಲ್ಲಿಸಿ, ಹಿಂದಿ ಬಲ್ಲ ನನ್ನನ್ನೂ ಚನ್ನಬಸಪ್ಪನವರನ್ನೂ ಜೀಪೊಂದರಲ್ಲಿ ಹಿಂದಕ್ಕೆ ಕಳಿಸಿದರು. ಪರದೇಶಕ್ಕೆ ಹೋಗುವುದಕ್ಕೂ ಪರದೇಶಿಯಾಗುವುದಕ್ಕೂ ಇರುವ ಅಂತರ ಒಂದು ಗುಣಿತಾಕ್ಷರದ್ದಷ್ಟೆ ಎಂಬ ಚಮತ್ಕಾರ ಹೊಳೆಯಿತಾದರೂ ಹೇಳುವ ಧೈರ್ಯವಾಗಲಿಲ್ಲ. ರಸ್ತೆಯಂತೂ ಜೀಪನ್ನು ಕುಲುಕಿ ಕುಲುಕಿ ಹಾಕುತ್ತಿತ್ತು. ಚನ್ನಬಸಪ್ಪನವರು ಒಮ್ಮೆಯೂ ಆಕ್ಷೇಪಿಸಲಿಲ್ಲ.

"ಆಕಿಗೆ ಹಿಂದಿ ಬರೂದಿಲ್ರೀ ಸರ," ಎಂದರು ಕೊನೆಗೆ. "ಕನ್ನಡಾನೂ ಭಾಳ ಮಾತಾಡಾಂಗಿಲ್ಲ." ಮತ್ತೆ, "ಮಾತಾಡಾಕ ನಾ ಎಲ್ಲಿ ಬಿಟ್ಟೇನ್ರೀ," ಎಂದರು.

ಗಡಿಯ ಬಸ್ ನಿಲ್ದಾಣದಲ್ಲಿ ಒಬ್ಬಾತ ಮೈಕಿನಲ್ಲಿ ಊರುಗಳ ಹೆಸರು ಕೂಗುತ್ತಿದ್ದ. ನಮ್ಮ ಕಥೆ ಕೇಳಿ, ಸೀರೆ ಯಾವ ಬಣ್ಣದ್ದೆಂದು ವಿಚಾರಿಸಿದ. ಅನುವಾದಿಸಿದೆ. ಚನ್ನಬಸಪ್ಪನವರು ಯೋಚಿಸಿದರು.

"ಸೀರಿ... ನೋಡಿಲ್ರೀ. ನನ್ನ ಹೆಗಲಿಗೆ ಬರ್ತಾಳ," ಎಂದು ಅಂಗೈಯಿಂದ ಹೆಗಲ ಬಳಿ ಗಾಳಿಯಲ್ಲಿ ಒಂದು ಎತ್ತರವನ್ನು ತೋರಿಸಿದರು.

ಆತ ಮೈಕನ್ನು ಅವರಿಗೇ ಕೊಟ್ಟ. "ಕೇಳಿಸ್ತೇನ?" ಎಂದರು ಇವರು. ಮೈಕು ಪರೀಕ್ಷಿಸುತ್ತಿದ್ದಾರೆಂದು ಧ್ವನಿಯ ಏರಿಳಿತದಿಂದಲೇ ಊಹಿಸಿದ ಆತ, ಚೆನ್ನಾಗಿ ಕೇಳುತ್ತಿದೆ ಎಂದು ತಲೆಯಾಡಿಸಿದ. "ನಾಮ್ ಬೋಲಿಯೇ ಬಾಬೂಜಿ, ನಾಮ್!"

"ಹೆಸರು ಹಿಡಿದು ಕರೀರಿ," ಎಂದೆ.

"ಎಂದೂ ಕರದಿಲ್ರೀ," ಎಂದು ಅವರು ನನ್ನನ್ನು ದೈನ್ಯದಿಂದ ನೋಡಿದರು. ಆಮೇಲೆ ಕಣ್ಣು ಮುಚ್ಚಿ, "ಪಾರ್ವತೀ!" ಎಂದು ಕೂಗಿದರು. ಅದು ಎರಡು ದೇಶಗಳಿಗೂ ಕೇಳಿಸಿರಬೇಕು. "ಪಾರ್ವತೀ! ನಾ ಇಲ್ಲೇ ಅದೀನಿ! ಬಾರ!" ಕೈಲಾಸದ ದಾರಿಯಲ್ಲಿ ಆ ಹೆಸರು ಕೇಳಿದ ಇಬ್ಬರು ವೃದ್ಧ ಯಾತ್ರಿಕರು ಕೈಮುಗಿದರು.

ಎದುರಿನ ಚಹಾದಂಗಡಿಯಿಂದ ಹಸಿರು ಸೀರೆಯ ಪಾರ್ವತಮ್ಮನವರು ಸೆರಗು ಸರಿಪಡಿಸಿಕೊಳ್ಳುತ್ತ ಓಡಿಬಂದರು. "ಯಾಕ ಹಂಗ ಒದರ್ತೀರಿ, ಮರ್ಯಾದಿ ಇಲ್ಲದಾಂಗ? ನಾ ತಪ್ಪಿಸಿಕೊಂಡಿಲ್ಲ. ನನ್ನ ಗಡಿಯಾರದಾಗ ಹನ್ನೊಂದಾಗೂದರಾಗ ನಿಮ್ಮ ಬಸ್ಸೇ ತಪ್ಪಿಸಿಕೊಂಡು ಹೋತು." ಅಂಗಡಿಯ ನೇಪಾಳಿ ಹೆಂಗಸು ಅವರನ್ನು ಒಲೆಯ ಪಕ್ಕ ಕೂರಿಸಿ, ಚಹಾ ಕೊಟ್ಟು, ಭಾಷೆಯ ಗೊಡವೆಯಿಲ್ಲದೆ ಸೊಸೆಯ ಕಷ್ಟಸುಖವನ್ನೆಲ್ಲ ಹೇಳಿಕೊಂಡಿದ್ದಳಂತೆ. ಇವರೂ ತಮ್ಮದನ್ನು ಹೇಳಿದರಂತೆ. "ಇಷ್ಟ ಮಾತಾಡಿ ಎಷ್ಟ ವರ್ಷ ಆಗಿತ್ತೋ," ಎಂದರು ಜೀಪಿನಲ್ಲಿ, ಕಿಟಕಿಯತ್ತ ನೋಡುತ್ತ. ಚನ್ನಬಸಪ್ಪನವರು ಬಾಟಲಿಯ ಮುಚ್ಚಳ ತೆಗೆದು ಆಕೆಗೆ ಚಾಚಿದರು.

ಪಶುಪತಿಯ ದರ್ಶನವೂ ಆಯಿತು, ಹಿಮಾಲಯ ಮೋಡದ ಮರೆಯಲ್ಲಿದ್ದುದನ್ನೂ ನೋಡಿದೆವು. ವಾರಾಣಸಿಗೆ ಮರಳಿದ ಮೇಲೆ, ಬಳೆ ಕೊಳ್ಳಬೇಕೆಂದ ದಂಪತಿಯನ್ನು ಗೋದೌಲಿಯಾ ಪೇಟೆಗೆ ಕರೆದೊಯ್ದೆ. ಆ ಜನಜಂಗುಳಿಯಲ್ಲಿ ಚನ್ನಬಸಪ್ಪನವರು ಥಟ್ಟನೆ ನಿಂತರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಎದೆಯ ತುಂಬ ಉಸಿರೆಳೆದು, "ಪಾರ್ವ..." ಎನ್ನುವಷ್ಟರಲ್ಲಿ ಹಿಂದಿನಿಂದ ಯಾರೋ ಅವರ ಅಂಗಿಯ ಚುಂಗು ಎಳೆದರು.

"ಇಲ್ಲೇ ಅದೀನ್ರೀ."

ಕೂಗು ಗಂಟಲಲ್ಲೇ ಉಳಿದ ಚನ್ನಬಸಪ್ಪನವರು ಪೆಚ್ಚಾದರು. "ಕೇಳಿಸ್ತೇನ ನಿನಗ?"

"ಅರ್ಧಾ ಕೇಳಿಸ್ತು," ಎಂದರು ಪಾರ್ವತಮ್ಮ. "ಇನ್ನರ್ಧಾನೂ ಅಂದು ಮುಗಸ್ರಿ, ಹೋಗೂಣು."

ನಾನು ಬಳೆಯಂಗಡಿಯತ್ತ ಮುಖ ಮಾಡಿ ನಿಂತೆ. ಸೈಕಲ್ ರಿಕ್ಷಾಗಳ ಗಂಟೆಯ ಗದ್ದಲದಲ್ಲಿ ಅವರು ಮೆಲ್ಲನೆ ಅಂದು ಮುಗಿಸಿದರು.