ತುಂಬಿದ ತಂಬಿಗೆ

ನಾಲ್ಕನೇ ಕ್ಲಾಸಿಗೆ ನನ್ನ ಶಾಲೆ ಬಿಡಿಸಿದರು, ತಂಗಿಯನ್ನು ನೋಡಿಕೊಳ್ಳಲು. ನಾನು ಕಂಕುಳಲ್ಲಿ ಎತ್ತಿ ಬೆಳೆಸಿದ ಆ ಹುಡುಗಿ ಹೈಸ್ಕೂಲಿನಲ್ಲಿ ಓಟಗಾರ್ತಿಯಾದಳು. ಅವಳಿಗೆ ಕ್ಯಾನ್ವಾಸ್ ಬೂಟು ಬಂತು, ಕೆನೆಮೊಸರು ಬಂತು. ಬೋರಿಂಗಿನಿಂದ ಕೊಡ ಹೊರುವುದು ಮಾತ್ರ ನನ್ನ ಪಾಲಿಗೇ ಉಳಿಯಿತು. ನಾನು ತಂದ ನೀರನ್ನು ಅವಳು ಕುಡಿಯುವುದನ್ನು ಕಂಡರೂ ಹೊಟ್ಟೆ ಉರಿಯುತ್ತಿತ್ತು.

ಜಿಲ್ಲೆಗೆ ಆರಿಸುವ ಓಟ ಕೂಡ್ಲಿಗಿಯಿಂದ ಹೊಸಹಳ್ಳಿ ರಸ್ತೆಯಲ್ಲಿ, ನಮ್ಮ ಮನೆಯ ಮುಂದೆಯೇ ಹಾದು ಹೋಗುವುದಿತ್ತು. ಇಬ್ಬರನ್ನಷ್ಟೇ ಆರಿಸುತ್ತಿದ್ದರು. ಹಿಂದಿನ ದಿನ ಪಿ.ಟಿ. ಮಾಸ್ತರು ಬಂದು ನನಗೇ ಹೇಳಿದರು: “ನೋಡವ್ವ, ಬೆಳಗಿನಿಂದ್ಲೇ ಸ್ವಲ್ಪ ಸ್ವಲ್ಪ ನೀರು ಕುಡೀತಿರ್ಲಿ. ಓಡಿ ಬಂದಾಗ ಉಪ್ಪು, ಸಕ್ರಿ, ನಿಂಬಿಹಣ್ಣು ಹಾಕಿದ ನೀರು ಕೊಡು. ಎರಡೇ ಗುಟುಕು. ಹೊಟ್ಟಿ ತುಂಬ ಕುಡಿದ್ರ ಓಡಾಕ ಆಗಂಗಿಲ್ಲ.”

ಮರುದಿನ ಬಿಸಿಲು ಏರಿತ್ತು. ತಂಗಿ ಎಲ್ಲರಿಗಿಂತ ಮುಂದೆ ಬರುತ್ತಿದ್ದಳು. ಓಣಿಯವರೆಲ್ಲ ರಸ್ತೆಗೆ ಬಂದು ಅವಳ ಹೆಸರು ಹಿಡಿದು ಕೂಗುತ್ತಿದ್ದರು. ನನ್ನ ಹೆಸರನ್ನು ಹಾಗೆ ಯಾರೂ ಕೂಗಿದ್ದಿಲ್ಲ. ಕಟ್ಟೆಯ ಮೇಲೆ ನಿಂಬೆನೀರಿನ ಲೋಟ ಸಿದ್ಧವಾಗಿಯೇ ಇತ್ತು. ಅದನ್ನು ಬಿಟ್ಟು ಒಳಗೆ ಹೋಗಿ, ಗಡಿಗೆಯ ತಣ್ಣೀರನ್ನು ತಂಬಿಗೆ ತುಂಬ ತಂದೆ. ಬಿಸಿಲಲ್ಲಿ ಬಂದ ನೆಂಟರಿಗೆ ಕೊಡುವ ಹಾಗೆ ಜೊತೆಗೊಂದು ತುಂಡು ಬೆಲ್ಲ.

“ಸರ್ ಎರಡೇ ಗುಟುಕು ಅಂದಾರಲ್ಲಕ್ಕ,” ಅಂದಳು, ನಿಂತಲ್ಲೇ ಕಾಲು ಕುಣಿಸುತ್ತ.

“ಮನಿ ಮುಂದ ಬಂದಾಕಿ ಅರ್ಧ ಬಿಟ್ಟು ಹೋಗ್ತೀಯೇನ? ಕುಡಿ ಲೇ.”

ಬಾಯಿ ಒಣಗಿತ್ತು. ಪೂರ್ತಿ ಕುಡಿದಳು. “ಅಕ್ಕಗ ಎಷ್ಟು ಜೀವ ನೋಡು,” ಅಂದಳು ಪಕ್ಕದ ಮನೆಯ ಅಜ್ಜಿ.

ಹುಣಸೆಮರದ ತಿರುವಿನಲ್ಲಿ ತಂಗಿ ಹೊಟ್ಟೆ ಹಿಡಿದು ಬಗ್ಗಿದಳು. ಕುಡಿದದ್ದೆಲ್ಲ ಹೊರಗೆ ಬಂತು. ಮೂವರು ಅವಳನ್ನು ದಾಟಿ ಹೋದರು. ಆಮೇಲೆ ಅವರನ್ನು ಹಿಡಿಯಲು ಅವಳಿಂದ ಆಗಲಿಲ್ಲ.

ಸಂಜೆ ಮಾಸ್ತರು ಅಂಗಳದಲ್ಲಿ ನಿಂತು ಕೇಳಿದರು: “ಅಷ್ಟು ನೀರು ಯಾರು ಕೊಟ್ರು?”

ನಾನು ಬಾಗಿಲ ಹಿಂದಿದ್ದೆ.

“ನಾನೇ ಕೇಳಿ ಇಸ್ಕೊಂಡೆ ಸರ್. ತಡಕೊಳ್ಳಾಕ ಆಗಲಿಲ್ಲ,” ಅಂದಳು ತಂಗಿ.

ಹೊರಗೆ ಬಂದು ನಿಜ ಹೇಳಬಹುದಿತ್ತು. ಹೇಳಲಿಲ್ಲ. ಸೋತ ದಿನವೂ ಅವಳೇ ನನಗಿಂತ ಮೇಲಾದಳಲ್ಲ ಎಂದು ಮತ್ತೆ ಹೊಟ್ಟೆ ಉರಿಯಿತು. ಓಟ ತಪ್ಪಿಸಿದ್ದಕ್ಕಿಂತ ಆ ಉರಿಗೇ ನನಗೆ ಹೆಚ್ಚು ನಾಚಿಕೆ.

ಈಗ ಹಗರಿಬೊಮ್ಮನಹಳ್ಳಿಯ ಅವಳ ಮನೆಗೆ ಹೋದಾಗಲೆಲ್ಲ ಬೆಲ್ಲ, ನೀರು ತಂದಿಡುತ್ತಾಳೆ. “ಬಿಸಿಲಾಗ ಬಂದೀದಿ, ಸಾವಕಾಶ ಕುಡಿಯಕ್ಕ,” ಅನ್ನುತ್ತಾಳೆ. ತಂಬಿಗೆ ತುಂಬಿರುತ್ತದೆ. ಎರಡು ಗುಟುಕಿಗಿಂತ ಹೆಚ್ಚು ನನಗೆ ಇಳಿಯುವುದಿಲ್ಲ.